2012ರ ವ್ಯಾಗನ್ ಆರ್‌ಗೆ ಎಲ್‌ಇಡಿ ಹೆಡ್‌ಲೈಟ್ ಬಲ್ಬ್ ಹಾಕಿಸಲಾ? ಆಗುಂಬೆ ಘಾಟಿಯಲ್ಲಿ ರಾತ್ರಿ ಏನೂ ಕಾಣ್ತಿಲ್ಲ

ತುಂಗಾ ದಂಡೆ:

ಎಲ್ಲರಿಗೂ ನಮಸ್ಕಾರ. ನನಗೆ ಗಾಡಿ ಓಡಿಸೋದು ಗೊತ್ತು. ಬಾನೆಟ್ ಎತ್ತಿದರೆ ವೈಪರ್‌ಗೆ ನೀರು ಹಾಕುವ ಜಾಗ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಿ.

ನಮ್ಮದು ತೀರ್ಥಹಳ್ಳಿ ಹತ್ತಿರ. 2012ರ ವ್ಯಾಗನ್ ಆರ್, 1,18,000 ಕಿ.ಮೀ. ಓಡಿದೆ. ಅಪ್ಪನಿಗೆ ಮಣಿಪಾಲದಲ್ಲಿ ಚಿಕಿತ್ಸೆ ನಡೆಯುತ್ತಿದೆ. ತಿಂಗಳಿಗೆ ಎರಡು ಸಲ ಬೆಳಗ್ಗೆ 5ಕ್ಕೆ ಹೊರಡುತ್ತೇವೆ. ಡಾಕ್ಟರನ್ನು ನೋಡಿ, ರಿಪೋರ್ಟ್‌ಗೆ ಕಾದು, ವಾಪಸ್ ಹೊರಡುವಾಗ ಸಂಜೆ 6 ಆಗಿರುತ್ತದೆ. ಹೆಬ್ರಿ ದಾಟಿ ಸೋಮೇಶ್ವರ ಮುಟ್ಟುವಾಗ ಪೂರ್ತಿ ಕತ್ತಲೆ. ಅಲ್ಲಿಂದ ಘಾಟಿಯ 14 ತಿರುವು. ಹೋದ ವಾರ ಎಂಟನೇ ತಿರುವಿನ ಹತ್ತಿರ ಒಬ್ಬರು ಬೈಕ್ ನಿಲ್ಲಿಸಿಕೊಂಡು ರೇನ್‌ಕೋಟ್ ಹಾಕಿಕೊಳ್ಳುತ್ತಿದ್ದರು. ಅವರು ನನಗೆ ಕಂಡಿದ್ದು ಇನ್ನೇನು ತಾಗಬೇಕು ಅನ್ನುವಾಗ. ಹಿಂದಿನ ಸೀಟಿನಲ್ಲಿ ಮಲಗಿದ್ದ ಅಪ್ಪ ಎದ್ದು ಕೂತರು. ಮನೆ ಮುಟ್ಟುವವರೆಗೆ ಯಾರೂ ಮಾತಾಡಲಿಲ್ಲ.

ಈಗ ಇರುವುದು ಕಂಪನಿಯವರೇ ಕೊಟ್ಟ ಹಳದಿ ಬೆಳಕಿನ ಬಲ್ಬ್. ಆ್ಯಕ್ಸೆಸರಿ ಅಂಗಡಿಯಲ್ಲಿ ಕೇಳಿದೆ. ‘ಎಲ್‌ಇಡಿ ಹಾಕಿಸಿಬಿಡಿ, 20,000 ಲ್ಯುಮೆನ್ ಬೆಳಕು, ಹಗಲು ಆದಂಗೆ ಆಗುತ್ತೆ, 4,500 ರೂಪಾಯಿ, ಅರ್ಧ ಗಂಟೆ ಕೆಲಸ’ ಅಂದರು. ನಮ್ಮ ಓಣಿಯ ಹುಡುಗ ಒಬ್ಬ ‘ಬೇಡ, 100/90 ವ್ಯಾಟ್ ಹ್ಯಾಲೋಜನ್ ಹಾಕಿಸಿ, ಅದೇ ಗಟ್ಟಿ’ ಅಂತಾನೆ. ಇಬ್ಬರದೂ ಸರಿ ಅನ್ನಿಸುತ್ತದೆ, ಅದೇ ತೊಂದರೆ.

ಇನ್ನೆರಡು ವಿಷಯ. ಎರಡು ವರ್ಷದ ಹಿಂದೆ ಮನೆ ಗೇಟಿಗೆ ತಾಗಿಸಿ ಎಡಗಡೆ ಹೆಡ್‌ಲೈಟಿನ ಡೂಮ್ (ಬಲ್ಬ್ ಕೂರುವ ಇಡೀ ಗೂಡು) ಒಡೆದುಕೊಂಡಿದ್ದೆ. ಹೊಸದು ಹಾಕಿದ್ದಾರೆ, ಗಾಜು ಸ್ವಚ್ಛ ಇದೆ. ಬಲಗಡೆಯದು ಹಳೇದು, ಕಾಫಿ ಸೋಸಿದ ಬಟ್ಟೆ ಬಣ್ಣಕ್ಕೆ ತಿರುಗಿದೆ. ಅಂಗಳದಲ್ಲಿ ಆ ಕಡೆಗೇ ಮಧ್ಯಾಹ್ನದ ಬಿಸಿಲು ಬೀಳುವುದು.

ಎಲ್‌ಇಡಿ ಹಾಕಿಸಲಾ? ಎದುರು ಬರುವವರಿಗೆ ತೊಂದರೆ ಆಗುತ್ತಾ? ಪೊಲೀಸರು ಹಿಡೀತಾರಾ?

ರಿಂಗ್ ರೋಡ್ ರಾಜ:

ಸರ್, ಕಣ್ಣು ಮುಚ್ಚಿ ಎಲ್‌ಇಡಿ ಹಾಕಿಸಿ. ನಾನು ಒಂದು ವರ್ಷದಿಂದ ಓಡಿಸ್ತಿದ್ದೀನಿ, ಬೆಂಗಳೂರಲ್ಲಿ. ಮೊದಲು ಕ್ಯಾಂಡಲ್ ಹಚ್ಚಿಕೊಂಡು ಹೋದ ಹಾಗಿತ್ತು, ಈಗ ಬಿಳೀ ಬೆಳಕು, ಗಾಡಿಯ ಮುಂದೆ ಹಾಲು ಚೆಲ್ಲಿದ ಹಾಗೆ. ನನ್ನದು ಪ್ರೊಜೆಕ್ಟರ್ ಹೆಡ್‌ಲೈಟ್. ಯಾರೂ ಬೈದಿಲ್ಲ, ಯಾರೂ ಹಿಡಿದಿಲ್ಲ. ಆದರೆ ಅಗ್ಗದ್ದು ಬೇಡ. 6,000 ಕೆಲ್ವಿನ್, ಅಂದ್ರೆ ಬಿಳೀ ಬಣ್ಣದ್ದು, ನೋಡಿ ತಗೊಳ್ಳಿ.

ವೈರಿಂಗ್ ಮಾಮ:

ಶಿವಮೊಗ್ಗದಲ್ಲಿ 1998ರಿಂದ ಗಾಡಿ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಎಲ್‌ಇಡಿ ಬಲ್ಬ್ ಮಾರಿ ದುಡ್ಡು ಮಾಡಿದವನೇ ನಾನೂ. ಆಮೇಲೆ ಬಿಟ್ಟೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಗಾಡಿಗೆ ಬರುವುದು ಎಚ್4 ಬಲ್ಬ್. ಒಂದೇ ಗಾಜಿನೊಳಗೆ ಎರಡು ತಂತಿ. ಬ್ರೈಟ್‌ಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್. ಹಳೇ ಬಲ್ಬ್ ತೆಗೆದಾಗ ಒಳಗೆ ಇಣುಕಿ ನೋಡಿ. ಡಿಮ್ ತಂತಿಯ ಕೆಳಗೆ ಸಣ್ಣ ಲೋಹದ ಬಟ್ಟಲು ಕಾಣುತ್ತದೆ, ಉಗುರಿನಷ್ಟು. ಆ ಬಟ್ಟಲೇ ಎಲ್ಲ ಆಟ ಆಡಿಸುವುದು. ತಂತಿಯಿಂದ ಕೆಳಗೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಹಾಗಾಗಿ ಡಿಮ್ ಹಾಕಿದಾಗ ಡೂಮಿನ ಮೇಲಿನ ಅರ್ಧ ಕನ್ನಡಿಗೆ ಮಾತ್ರ ಬೆಳಕು ತಾಗುತ್ತದೆ, ಅಲ್ಲಿಂದ ರಸ್ತೆಗೆ ಇಳಿಯುತ್ತದೆ. ಎದುರಿನವರ ಕಣ್ಣಿಗೆ ಹೋಗುವುದಿಲ್ಲ. ಡೂಮಿನ ಕನ್ನಡಿಯ ಒಂದೊಂದು ಡೊಂಕನ್ನೂ ಆ ತಂತಿ ಇರುವ ಜಾಗಕ್ಕೇ ಲೆಕ್ಕ ಹಾಕಿ ಮಾಡಿರುತ್ತಾರೆ. ತಂತಿ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ರಸ್ತೆಯಲ್ಲಿ ಬೆಳಕು ಬೀಳುವ ಜಾಗ ಎಲ್ಲೋ ಹೋಗಿರುತ್ತದೆ.

ಈಗ ಅದೇ ಜಾಗಕ್ಕೆ ಎಲ್‌ಇಡಿ ತುರುಕುತ್ತೇವೆ. ತಂತಿ ಸುತ್ತಲೂ ಬೆಳಗುತ್ತದೆ. ಎಲ್‌ಇಡಿ ಚಿಪ್ಪು ಎರಡು ಪಕ್ಕಕ್ಕೆ ಮಾತ್ರ ಬೆಳಗುತ್ತದೆ, ಜೊತೆಗೆ ತಂತಿಗಿಂತ ಅಗಲ. ಕನ್ನಡಿಯ ಕೆಲವು ಭಾಗಕ್ಕೆ ಬೆಳಕೇ ಇಲ್ಲ, ಕೆಲವು ಭಾಗಕ್ಕೆ ಬೇಡದಷ್ಟು. ಗಾಡಿಯ ಮೂತಿ ಎದುರು ಹತ್ತು ಹದಿನೈದು ಮೀಟರ್ ಧಗಧಗ ಅನ್ನುತ್ತದೆ. ಆಚೆ ಕಪ್ಪು. ಮಿಕ್ಕಿದ್ದು ಮೇಲೆ ಮರಕ್ಕೂ ಎದುರಿನವನ ಕಣ್ಣಿಗೂ.

ನನಗೂ ಇದು ಮೊದಲು ಗೊತ್ತಾಗಿರಲಿಲ್ಲ. 2017ರಲ್ಲಿ ನನ್ನ ಓಮ್ನಿಗೇ ಒಂದು ಜೊತೆ ಹಾಕಿದೆ. ಅಂಗಡಿ ಮುಂದೆ ನಿಂತು ನೋಡಿದರೆ ಎದೆ ಉಬ್ಬಿತು. ಅದೇ ರಾತ್ರಿ ಸಾಗರದ ರಸ್ತೆಯಲ್ಲಿ ಹೊರಟೆ. ಮುಂದೆ ಅಷ್ಟು ಬೆಳಕು ಇದ್ದರೆ ಕಣ್ಣು ಆ ಬೆಳಕಿಗೇ ಹೊಂದಿಕೊಂಡುಬಿಡುತ್ತದೆ. ದೂರದ ಕತ್ತಲೆ ಇನ್ನೂ ಕತ್ತಲೆ ಆಗುತ್ತದೆ. ಕಾಣುತ್ತಿದೆ ಅಂತ ಅನ್ನಿಸುತ್ತದೆ, ಕಾಣುತ್ತಿರುವುದು ನಿಮ್ಮ ಮುಂದಿನ ಚಕ್ರದ ಹತ್ತಿರದ ಟಾರು ಮಾತ್ರ. ರಸ್ತೆ ಮಧ್ಯೆ ಮಲಗಿದ್ದ ಎಮ್ಮೆಯೊಂದು ನನಗೆ ಈ ಪಾಠ ಹೇಳಿಕೊಟ್ಟಿತು. ಎಮ್ಮೆಗೆ ಏನೂ ಆಗಲಿಲ್ಲ. ಓಮ್ನಿ ಚರಂಡಿಗೆ ಇಳಿದಿತ್ತು. ಇನ್ನೊಂದು ತಮಾಷೆ ಅಂದ್ರೆ, ಲೈಟ್ ಹಾಕಿದ ಕೂಡಲೇ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಗೊರ್ ಅನ್ನುತ್ತಿತ್ತು. ಅಗ್ಗದ ಎಲ್‌ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್ ಸರ್ಕ್ಯೂಟ್ ಹಾಗೇ ಗಲಾಟೆ ಮಾಡುತ್ತದೆ.

20,000 ಲ್ಯುಮೆನ್ ಮಾತು ನಂಬಬೇಡಿ. ಎಚ್4 ಹ್ಯಾಲೋಜನ್‌ಗೆ ಇರುವ ಅಂತರರಾಷ್ಟ್ರೀಯ ಲೆಕ್ಕ ಡಿಮ್‌ಗೆ ಸುಮಾರು 1,000 ಲ್ಯುಮೆನ್, ಬ್ರೈಟ್‌ಗೆ 1,650. ಡೂಮು ಸರಿ ಇದ್ದರೆ ಅಷ್ಟರಲ್ಲೇ ಘಾಟಿ ಆರಾಮಾಗಿ ಹತ್ತಬಹುದು. ಡಬ್ಬಿ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು, ಶಾಯಿಗೆ ಖರ್ಚೇನಿಲ್ಲ.

ನಮ್ಮ ಮಲೆನಾಡಿಗೆ ಇನ್ನೊಂದು ತಾಪತ್ರಯ ಇದೆ. ಹ್ಯಾಲೋಜನ್ ಬಿಸಿ ಬಹುಪಾಲು ಮುಂದಕ್ಕೆ ಹೋಗುತ್ತದೆ. ಎಲ್‌ಇಡಿ ಬಿಸಿ ಹಿಂದಕ್ಕೆ. ಅದಕ್ಕೇ ಹಿಂದೆ ಒಂದು ಪುಟ್ಟ ಫ್ಯಾನ್ ಇಟ್ಟಿರುತ್ತಾರೆ. ಆ ಫ್ಯಾನ್ ಇರುವುದರಿಂದ ಡೂಮಿನ ಹಿಂದಿನ ರಬ್ಬರ್ ಕ್ಯಾಪ್ ಸರಿಯಾಗಿ ಕೂರುವುದಿಲ್ಲ. ಕೆಲವರು ಕತ್ತರಿಸುತ್ತಾರೆ, ಕೆಲವರು ಬಿಸಾಕುತ್ತಾರೆ. ನಿಮ್ಮ ಕಡೆಯ ಮಳೆಗೆ ಒಳಗೆ ತೇವ ಹೊಕ್ಕಿತು ಅಂದರೆ ಮುಗಿಯಿತು. ಕನ್ನಡಿಯ ಹೊಳಪು ಎದ್ದು ಬರುತ್ತದೆ. ಆಮೇಲೆ ಯಾವ ಬಲ್ಬ್ ಹಾಕಿದರೂ ಅಷ್ಟೇ, ಡೂಮನ್ನೇ ಬದಲಿಸಬೇಕು.

ಓಣಿಯ ಹುಡುಗನ 100/90 ಬಗ್ಗೆ: ಬೇಡವೇ ಬೇಡ. ಕಂಪನಿ ವೈರು ಅಷ್ಟು ಕರೆಂಟಿಗೆ ಇರುವುದಲ್ಲ. ಹೋಲ್ಡರ್ ಕರಗಿ ಬಲ್ಬಿಗೇ ಅಂಟಿಕೊಂಡ ಗಾಡಿಗಳು ನನ್ನಲ್ಲಿಗೆ ಈಗಲೂ ಬರುತ್ತವೆ. ಕಾನೂನಿಗೂ ತಪ್ಪು.

ಹಾಗಾದರೆ ಏನು ಮಾಡಬೇಕು? ಬಲ್ಬ್ ಕೊಳ್ಳುವ ಮೊದಲು ಮೂರು ಕಡೆ ನೋಡಿ.

ಮೊದಲು ಬಲಗಡೆ ಡೂಮ್. ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿಗೆ ಮೇಲಿನ ಲೇಪ ಹೋಗಿ ಹಳದಿ ಆಗಿದೆ. ಬೆಳಕು ಅರ್ಧಕ್ಕರ್ಧ ಅಲ್ಲೇ ಸತ್ತುಹೋಗುತ್ತಿರಬಹುದು. ನೀರು ಹಾಕಿ 1000, ಆಮೇಲೆ 2000 ನಂಬರ್ ಮರಳು ಕಾಗದದಲ್ಲಿ ತಿಕ್ಕಿ, ಪಾಲಿಶ್ ಮಾಡಿಸಿ. ಟೂತ್‌ಪೇಸ್ಟ್ ಹಚ್ಚಿದರೂ ಹೊಳೆಯುತ್ತದೆ, ಆದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಪಾಲಿಶ್ ಆದ ಮೇಲೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಸಲೇಬೇಕು. ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಕಾಫಿ ಬಟ್ಟೆ.

ಎರಡನೇದು ವೋಲ್ಟೇಜ್. ಇದನ್ನು ಯಾರೂ ನೋಡುವುದಿಲ್ಲ, ನನಗೆ ಮಾತ್ರ ಇದೇ ಇಷ್ಟದ ವಿಷಯ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಹತ್ತಿರ ಇರುತ್ತದೆ. ಹತ್ತು ಹನ್ನೆರಡು ವರ್ಷದ ಗಾಡಿಯಲ್ಲಿ ಅದು ಸ್ವಿಚ್ಚು, ಕಪ್ಲರ್ (ಬಲ್ಬಿಗೆ ಸಿಕ್ಕಿಸುವ ವೈರಿನ ಪ್ಲಗ್), ತುಕ್ಕು ಹಿಡಿದ ಅರ್ಥ್ ಎಲ್ಲ ದಾಟಿ ಬಲ್ಬ್ ಮುಟ್ಟುವಾಗ 12ಕ್ಕಿಂತ ಕೆಳಗೆ ಇಳಿದಿರುವುದನ್ನು ನಾನು ದಿನಾ ನೋಡುತ್ತೇನೆ. ಹ್ಯಾಲೋಜನ್ ಬಲ್ಬ್ ಇದನ್ನು ಸಹಿಸುವುದಿಲ್ಲ. ವೋಲ್ಟೇಜ್ 10 ಪರ್ಸೆಂಟ್ ಇಳಿದರೆ ಬೆಳಕು ಸುಮಾರು 30 ಪರ್ಸೆಂಟ್ ಇಳಿಯುತ್ತದೆ. ನೀವು ಹಳದಿ ಅಂದುಕೊಂಡಿರುವುದು ಹೊಟ್ಟೆಗಿಲ್ಲದೆ ಸೊರಗಿದ ಬಲ್ಬ್ ಇರಬಹುದು. ಅಳೆಯುವಾಗ ಬಲ್ಬ್ ಉರಿಯುತ್ತಿರಬೇಕು. ಕಪ್ಲರ್ ಕಳಚಿ ಅಳೆದರೆ ಮೀಟರ್ ಪೂರ್ತಿ ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಕಡಿಮೆ ಬಂದರೆ ರಿಲೇ ಕಿಟ್ ಹಾಕಿಸಿ. ಬ್ಯಾಟರಿಯಿಂದ ದಪ್ಪ ವೈರು, ಫ್ಯೂಸ್, ಎರಡು ರಿಲೇ, ಅಂದರೆ ಕರೆಂಟಿನಿಂದಲೇ ಕೆಲಸ ಮಾಡುವ ಸ್ವಿಚ್ಚು. ಹಳೇ ವೈರು ಬರೀ ರಿಲೇಗೆ ‘ಹಚ್ಚು’ ಅಂತ ಹೇಳುವ ಕೆಲಸ ಮಾಡುತ್ತದೆ. ಕಪ್ಲರ್‌ಗೆ ಕಪ್ಲರ್ ಕೂರುವ ಕಿಟ್ ಸಿಗುತ್ತದೆ, ವೈರು ಕತ್ತರಿಸಲು ಬಿಡಬೇಡಿ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ಚು ಪಾಸಿಟಿವ್ ಬದಲು ನೆಗೆಟಿವ್ ಕಡೆ ಇರುತ್ತದೆ, ಅದಕ್ಕೆ ಹೊಂದುವ ಕಿಟ್ಟೇ ಬೇಕು. ಅದನ್ನು ಪರೀಕ್ಷೆ ಮಾಡದೆ ಕಿಟ್ ಹಾಕುವವನ ಅಂಗಡಿಯಿಂದ ಎದ್ದು ಬನ್ನಿ.

ಮೂರನೇದು, ಸರ್, ನೀವು ಗೇಟಿಗೆ ತಾಗಿಸಿದ್ದು. ಎಡಗಡೆ ಹೊಸ ಡೂಮ್ ಹಾಕಿದವರು ಬೆಳಕಿನ ಎತ್ತರ ಹೊಂದಿಸಿದರಾ? ನನಗೆ ಅಲ್ಲೇ ಅನುಮಾನ.

ಕೆಂಪು ಬಸ್ಸು:

ನಾನು ಶಿರಾಡಿ, ಚಾರ್ಮಾಡಿ ಎರಡೂ ಘಾಟಿಯಲ್ಲಿ ರಾತ್ರಿ ಬಸ್ಸು ಓಡಿಸಿದವನು. ಈಗ ನಿವೃತ್ತಿ. ಎದುರುಗಡೆಯಿಂದ ಹೇಗೆ ಕಾಣುತ್ತದೆ ಅಂತ ನಾನು ಹೇಳಬೇಕು.

ಬಸ್ಸಿನ ಸೀಟು ಎತ್ತರ. ಕಾರಿನ ಡಿಮ್ ಬೆಳಕು ನಮ್ಮ ಕಣ್ಣಿಗೆ ಬರುವುದೇ ಇಲ್ಲ. ಎಲ್‌ಇಡಿ ಬಂದ ಮೇಲೆ ಅದೂ ಬರತೊಡಗಿತು. ಡಿಮ್ ಮಾಡಿ ಅಂತ ನಾವು ಲೈಟ್ ಮಿಣುಕಿಸುತ್ತೇವೆ. ಪಾಪ, ಅವನು ಡಿಮ್‌ನಲ್ಲೇ ಇರುತ್ತಾನೆ! ಸಿಟ್ಟು ಬಂದು ಅವನು ಬ್ರೈಟ್ ಹಾಕುತ್ತಾನೆ. ಆಮೇಲೆ ಎರಡು ಮೂರು ಸೆಕೆಂಡ್ ನನಗೆ ರಸ್ತೆ ಅನ್ನೋದೇ ಇಲ್ಲ. ಹಿಂದೆ ನಿದ್ದೆ ಮಾಡುತ್ತಿರುವ ನಲವತ್ತು ಜನ. ಒಂದು ಕಡೆ ಗುಡ್ಡ, ಒಂದು ಕಡೆ ಪ್ರಪಾತ. ಆಗ ನಾನು ಮಾಡುತ್ತಿದ್ದದ್ದು ಒಂದೇ. ಎಡಗಡೆಯ ಬಿಳಿ ಗೆರೆ ಮೇಲೆ ಕಣ್ಣಿಟ್ಟು ನಿಧಾನ ಮಾಡುವುದು. ಮಳೆಗಾಲದಲ್ಲಿ ಆ ಗೆರೆಯೂ ಇರುವುದಿಲ್ಲ ಮಾರಾಯ್ರೆ.

ಪೊಲೀಸರ ವಿಷಯ ಕೇಳಿದಿರಿ. ಕಣ್ಣು ಕುಕ್ಕುವ ಎಲ್‌ಇಡಿ ದೀಪ ಹಾಕಿಕೊಂಡ ಗಾಡಿಗಳ ಮೇಲೆ 2024ರ ಜುಲೈಯಿಂದ ರಾಜ್ಯದಲ್ಲೆಲ್ಲ ಕೇಸು ಹಾಕಲು ಶುರು ಮಾಡಿದರು. ಲಾರಿಗಳಿಂದ ಹಿಡಿದು ಕಾರಿನವರೆಗೆ. ಆದರೆ ದಂಡದ ಲೆಕ್ಕ ಆಮೇಲೆ. ಆ ಬೈಕಿನವರು ರೇನ್‌ಕೋಟ್ ಹಾಕಿಕೊಳ್ಳುತ್ತಿದ್ದರಲ್ಲ, ಎದುರು ಬರುವವನ ಕಣ್ಣು ಕಟ್ಟಿದ್ದರೆ ಅವನ ಪಕ್ಕವೂ ಅಂಥ ಒಬ್ಬರು ನಿಂತಿರುತ್ತಾರೆ.

ರಿಂಗ್ ರೋಡ್ ರಾಜ:

ವೈರಿಂಗ್ ಮಾಮ, ಅಗ್ಗದ ಬಲ್ಬ್ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ಆದರೆ ಎಲ್ಲಾ ಎಲ್‌ಇಡಿಗೂ ಒಂದೇ ಕಲ್ಲು ಹೊಡೆಯೋದು ಸರಿ ಅಲ್ಲ. ಈಗ ಬರೋ ಹೊಸ ಕಾರುಗಳಲ್ಲಿ ಕಂಪನಿಯವರೇ ಎಲ್‌ಇಡಿ ಕೊಡ್ತಾರಲ್ಲ?

ವೈರಿಂಗ್ ಮಾಮ:

ಕೊಡುತ್ತಾರೆ, ಅಚ್ಚುಕಟ್ಟಾಗಿ ಬೆಳಗುತ್ತದೆ. ಅಲ್ಲಿ ಡೂಮನ್ನೂ ಎಲ್‌ಇಡಿಗೇ ಅಳತೆ ಮಾಡಿ ಹೊಲಿದಿರುತ್ತಾರೆ. ನಾನು ಹೇಳುತ್ತಿರುವುದು ಒಬ್ಬರ ಅಳತೆಯ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸುವ ಬಗ್ಗೆ. ನಿಮ್ಮದು ಪ್ರೊಜೆಕ್ಟರ್, ಒಳಗೆ ಒಂದು ತಗಡಿನ ಪರದೆ ಇದ್ದು ಬೆಳಕಿನ ಮೇಲಂಚನ್ನು ಕತ್ತರಿಸುತ್ತದೆ. ಎದುರಿನವರಿಗೆ ಹಿಂಸೆ ಸ್ವಲ್ಪ ಕಡಿಮೆ. ದೂರ ಕಾಣುತ್ತಾ ಅನ್ನುವುದು ಬೇರೆ ಪ್ರಶ್ನೆ. ಅಂದಹಾಗೆ ಬೀದಿದೀಪ ಇರುವ ರಿಂಗ್ ರೋಡಿನಲ್ಲಿ ಹೆಡ್‌ಲೈಟ್ ಪರೀಕ್ಷೆ ಮಾಡುವುದು ಮದುವೆ ಮನೆ ಊಟ ಮಾಡಿ ಹೆಂಡತಿ ಅಡುಗೆಗೆ ಮಾರ್ಕ್ಸ್ ಕೊಟ್ಟ ಹಾಗೆ. ಒಂದು ಸಲ ಹುಲಿಕಲ್ ಘಾಟಿ ಕಡೆ ಬನ್ನಿ.

ಸ್ಟುಟ್‌ಗಾರ್ಟ್ ಸೋಮು:

ನಾನು ಮೂಲತಃ ಕೊಪ್ಪದವನು. ಹತ್ತು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಇಲ್ಲಿ ನಡೆದಿದ್ದು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ‘ಯುರೋಪಿನಲ್ಲಿ ಎಲ್‌ಇಡಿ ಬಲ್ಬ್ ಕಾನೂನುಬದ್ಧ’ ಅಂತ ಅಂಗಡಿಯವರು ಹೇಳುವುದನ್ನು ಊರಿಗೆ ಬಂದಾಗ ಕೇಳಿದ್ದೇನೆ.

ಅರ್ಧ ನಿಜ. ಹ್ಯಾಲೋಜನ್ ಜಾಗಕ್ಕೆ ಹಾಕುವ ಎಲ್‌ಇಡಿ ಬಲ್ಬಿಗೆ ಇಲ್ಲಿ ಮೊದಲ ಸಲ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರಿನಲ್ಲಿ. ಓಸ್ರಾಮ್ ಕಂಪನಿಯ ಎಚ್7 ಬಲ್ಬಿಗೆ, ಅದು ಎಚ್4 ಥರ ಇನ್ನೊಂದು ಬಗೆ. ಮುಂದಿನ ವರ್ಷ ಫಿಲಿಪ್ಸ್‌ಗೂ ಸಿಕ್ಕಿತು. ಆದರೆ ಒಪ್ಪಿಗೆ ಬರೀ ಬಲ್ಬಿಗೆ ಅಲ್ಲ. ಈ ಬಲ್ಬು ಈ ಕಾರಿನ ಈ ಹೆಡ್‌ಲೈಟಿನಲ್ಲಿ ಅಂತ ಪಟ್ಟಿ ಇದೆ. ಡೂಮಿನ ಮೇಲೆ ಕೆತ್ತಿರುವ ನಂಬರ್ ಸಮೇತ ಹೊಂದಬೇಕು. ಒಂದೊಂದು ಹೆಡ್‌ಲೈಟನ್ನೂ ಪ್ರಯೋಗಾಲಯದಲ್ಲಿ ಅಳೆದು, ಎದುರಿನವರ ಕಣ್ಣಿಗೆ ಎಷ್ಟು ಹೋಗುತ್ತದೆ ನೋಡಿ, ಪಾಸಾದರೆ ಮಾತ್ರ ಪಟ್ಟಿಗೆ. ನನ್ನ ಸ್ನೇಹಿತನ ಕಾರು ಪಟ್ಟಿಯಲ್ಲಿತ್ತು, ನನ್ನದು ಇರಲಿಲ್ಲ. ಬಲ್ಬು ಇಬ್ಬರದೂ ಎಚ್7. ನಾನು ಸುಮ್ನೆ ಒಳ್ಳೆಯ ಹ್ಯಾಲೋಜನ್ ಹಾಕಿಕೊಂಡೆ. ಪಟ್ಟಿಯಲ್ಲಿ ಇಲ್ಲದ್ದನ್ನು ಹಾಕಿದರೆ ಎರಡು ವರ್ಷಕ್ಕೊಮ್ಮೆ ಆಗುವ ತಪಾಸಣೆಯಲ್ಲಿ ಗಾಡಿ ಫೇಲ್. ಆ ಒಪ್ಪಿಗೆಯೂ ಈ ದೇಶದ ರಸ್ತೆಗೆ. ಅದೇ ಬಲ್ಬನ್ನು ಸೂಟ್‌ಕೇಸಿನಲ್ಲಿ ತಂದು ತೀರ್ಥಹಳ್ಳಿಯಲ್ಲಿ ಹಾಕಿದರೆ ಆ ಕಾಗದ ಲೆಕ್ಕಕ್ಕಿಲ್ಲ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಮಾಡಬಾರದು ಅನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ನಿಯಮ ಮೀರಿ ಬದಲಾವಣೆ ಮಾಡಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬಲ್ಬಿಗೆ ಯಾರನ್ನಾದರೂ ಜೈಲಿಗೆ ಹಾಕಿದ್ದನ್ನು ನಾನು ಕೇಳಿಲ್ಲ. ಅಪಘಾತ ಆದಾಗ ವಿಮೆಯವರು ಇಂಥದ್ದನ್ನು ಹುಡುಕುತ್ತಾರೆ ಅನ್ನುವ ಭಯ ಮಾತ್ರ ನನಗಿದೆ.

ತುಂಗಾ ದಂಡೆ:

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ತಿದ್ದುಪಡಿ ನನ್ನದೂ ಇದೆ. ನಾನು ಸರ್ ಅಲ್ಲ. ಹೈಸ್ಕೂಲ್ ಟೀಚರ್, ಗಣಿತ ಹೇಳಿಕೊಡುತ್ತೇನೆ. ಗೇಟಿಗೆ ತಾಗಿಸಿದ್ದು ಅಂದ ಕೂಡಲೇ ‘ಮೇಡಂ’ ಅನ್ನದೆ ‘ಸರ್’ ಅಂದಿರಲ್ಲ, ಅದಕ್ಕೆ ವಿಶೇಷ ಥ್ಯಾಂಕ್ಸ್.

ವೈರಿಂಗ್ ಮಾಮ, ಎಡಗಡೆ ಬೆಳಕಿನ ಎತ್ತರ ಹೊಂದಿಸಿದರಾ ಗೊತ್ತಿಲ್ಲ. ಮನೆಯಲ್ಲೇ ನೋಡಲು ಆಗುತ್ತಾ?

ವೈರಿಂಗ್ ಮಾಮ:

ಕ್ಷಮಿಸಿ ಮೇಡಂ. ಗಣಿತದ ಮೇಷ್ಟ್ರು ಆದರೆ ನನಗಿಂತ ನೀವೇ ಚೆನ್ನಾಗಿ ಮಾಡುತ್ತೀರಿ.

ಒಂದು ಬಿಳಿ ಗೋಡೆ, ಅದರ ಮುಂದೆ ಸಮತಟ್ಟು ಜಾಗ ಬೇಕು. ನಾನು ನಮ್ಮ ಹಿಂದಿನ ಅಕ್ಕಿ ಗಿರಣಿ ಗೋಡೆ ಬಳಸುತ್ತೇನೆ. ನಿಮಗೆ ಶಾಲೆ ಗೋಡೆ ಇದೆಯಲ್ಲ. ಟೈರ್ ಗಾಳಿ ಸರಿ ಇರಲಿ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲಿ. ಲೈಟಿನ ಎತ್ತರ ಬದಲಿಸುವ ಗುಂಡಿ ಡ್ಯಾಶ್‌ಬೋರ್ಡಿನಲ್ಲಿ ಇದ್ದರೆ ಅದು ಸೊನ್ನೆಯಲ್ಲಿರಲಿ.

ನೆಲದಿಂದ ಬಲ್ಬಿನ ನಡು ಎಷ್ಟು ಎತ್ತರ ಅಂತ ಟೇಪಿನಲ್ಲಿ ಅಳೆಯಿರಿ. ಗೋಡೆಯ ಮೇಲೆ ಅದೇ ಎತ್ತರಕ್ಕೆ ಒಂದು ಗೆರೆ ಎಳೆಯಿರಿ. ಗಾಡಿಯ ಹೆಡ್‌ಲೈಟಿನಿಂದ ಗೋಡೆಗೆ ಸರಿಯಾಗಿ 10 ಮೀಟರ್ ಬರುವಂತೆ ನಿಲ್ಲಿಸಿ ಡಿಮ್ ಹಾಕಿ. ಒಂದು ಲೈಟಿಗೆ ರಟ್ಟು ಮುಚ್ಚಿ ಇನ್ನೊಂದನ್ನು ನೋಡಿ. ಬೆಳಕಿನ ಮೇಲಂಚು ಗೆರೆಗಿಂತ 10 ಸೆಂ.ಮೀ. ಕೆಳಗೆ ಇರಬೇಕು. ಎಡ ತುದಿಯಲ್ಲಿ ಅಂಚು ಸ್ವಲ್ಪ ಮೇಲಕ್ಕೆ ಹತ್ತಿರುತ್ತದೆ, ಅದು ಸರಿಯೇ. ನಾವು ಎಡಕ್ಕೆ ಓಡಿಸುವವರಲ್ಲವಾ, ರಸ್ತೆ ಬದಿ ಕಾಣಲಿ ಅಂತ ಹಾಗೆ ಮಾಡಿದ್ದಾರೆ.

ಹೆಚ್ಚು ಕಡಿಮೆ ಇದ್ದರೆ ಡೂಮಿನ ಹಿಂದೆ ತಿರುಪು ಇದೆ. ಆದರೆ ಮೊದಲು ಅಳತೆ ಬರೆದು ಇಲ್ಲಿ ಹಾಕಿ.

ಇನ್ನೊಂದು. ಹಿಂದೆ ಅಪ್ಪ ಅಮ್ಮ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಗಾಡಿ ಹಿಂದೆ ಕುಸಿದು ಮೂತಿ ಎತ್ತುತ್ತದೆ. ಆಗ ಆ ಗುಂಡಿಯನ್ನು 1ಕ್ಕೋ 2ಕ್ಕೋ ತಿರುಗಿಸಬೇಕು. ಗುಂಡಿ ಇರುವುದು ಅದಕ್ಕೇ. ನೂರರಲ್ಲಿ ತೊಂಬತ್ತು ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಇದು ನನ್ನ ಅಂದಾಜು, ಲೆಕ್ಕ ಕೇಳಬೇಡಿ.

ತುಂಗಾ ದಂಡೆ:

ಶನಿವಾರ ಸಂಜೆ ಶಾಲೆಯ ಗೋಡೆಯಲ್ಲಿ ನೋಡಿದೆ. ಸೀಮೆಸುಣ್ಣಕ್ಕೆ ಬರ ಇಲ್ಲ ನಮ್ಮಲ್ಲಿ.

ಬಲ್ಬಿನ ಎತ್ತರ 70 ಸೆಂ.ಮೀ. ಬಲಗಡೆಯ ಬೆಳಕು ಗೆರೆಗಿಂತ 11 ಸೆಂ.ಮೀ. ಕೆಳಗೆ. ಮಂಕು, ಆದರೆ ಜಾಗ ಸರಿ. ಎಡಗಡೆಯದು 35 ಸೆಂ.ಮೀ. ಕೆಳಗೆ!

ಸಮರೂಪ ತ್ರಿಭುಜ ಇದು, ಹತ್ತನೇ ಕ್ಲಾಸಿನ ಪಾಠ. 10 ಮೀಟರಿಗೆ 10 ಸೆಂ.ಮೀ. ಇಳಿದರೆ 70 ಸೆಂ.ಮೀ. ಇಳಿಯಲು 70 ಮೀಟರ್ ಬೇಕು. ನನ್ನ ಎಡಗಡೆ ಬೆಳಕು 20 ಮೀಟರಿಗೇ ನೆಲಕ್ಕೆ ಬಿದ್ದು ಮುಗಿಯುತ್ತಿತ್ತು. ಗಂಟೆಗೆ 50 ಕಿ.ಮೀ.ನಲ್ಲಿ ಹೋದರೆ 20 ಮೀಟರ್ ದಾಟಲು ಒಂದೂವರೆ ಸೆಕೆಂಡೂ ಬೇಡ. ರೇನ್‌ಕೋಟಿನವರು ನಿಂತಿದ್ದು ಎಡಗಡೆ. ಎರಡು ವರ್ಷ ನಾನು ಇದೇ ಲೈಟಿನಲ್ಲಿ ಓಡಾಡಿದ್ದೇನೆ. ಗೋಡೆ ಮುಂದೆ ನಿಂತು ಕೈಕಾಲು ತಣ್ಣಗಾಯಿತು.

ವೈರಿಂಗ್ ಮಾಮ:

ಅದೇ. ಸ್ವಚ್ಛ ಇರುವ ಡೂಮು ನೆಲ ನೋಡುತ್ತಿದೆ, ದೂರ ನೋಡುತ್ತಿರುವುದಕ್ಕೆ ಪೊರೆ ಬಂದಿದೆ. ಇದರ ಮೇಲೆ ಎಲ್‌ಇಡಿ ಹಾಕಿದ್ದರೆ ನೆಲ ಇನ್ನಷ್ಟು ಹೊಳೆಯುತ್ತಿತ್ತು ಅಷ್ಟೇ. ತಿರುಪು ತಿರುಗಿಸಿಕೊಂಡು, ವೋಲ್ಟೇಜ್ ಅಳೆಸಿ ಬನ್ನಿ.

ತುಂಗಾ ದಂಡೆ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಮುಂದೆ ಯಾರಾದರೂ ಇದೇ ಹುಡುಕಿಕೊಂಡು ಬಂದರೆ ಬೇಕಾಗಬಹುದು.

ತಿರುಪು ನಾನೇ ತಿರುಗಿಸಿದೆ. ಎರಡೂ ಈಗ 10 ಸೆಂ.ಮೀ. ಕೆಳಗೆ. ಇಲ್ಲೇ ಒಬ್ಬರು ಎಲೆಕ್ಟ್ರಿಷಿಯನ್ ಹತ್ತಿರ ವೋಲ್ಟೇಜ್ ಅಳೆಸಿದೆ. ಅವರು ಕಪ್ಲರ್ ಕಳಚಿ ಅಳೆಯಲು ಹೊರಟರು. ನಾನು ‘ಇಲ್ಲ, ಬಲ್ಬ್ ಉರಿಯುವಾಗಲೇ ಅಳೆಯಿರಿ’ ಅಂದೆ. ಅವರು ನನ್ನನ್ನು ಒಂಥರಾ ನೋಡಿದರು. ಬ್ಯಾಟರಿಯಲ್ಲಿ 14.1, ಬಲ್ಬಿನಲ್ಲಿ 11.7. ರಿಲೇ ಕಿಟ್ ಹಾಕಿದ ಮೇಲೆ ಬಲ್ಬಿನಲ್ಲಿ 13.4 ಬಂತು. ಬಲಗಡೆ ಡೂಮ್ ಪಾಲಿಶ್, ಕ್ಲಿಯರ್ ಕೋಟ್. ಎರಡು ಹೊಸ ಮಾಮೂಲಿ 60/55 ಬಲ್ಬ್, ಗಾಜು ಬರಿಗೈಯಲ್ಲಿ ಮುಟ್ಟದೆ ಬಟ್ಟೆಯಲ್ಲಿ ಹಿಡಿದು ಹಾಕಿಸಿದೆ. ಬೆರಳಿನ ಎಣ್ಣೆ ಹತ್ತಿದರೆ ಆ ಜಾಗ ಕಾದು ಬಲ್ಬ್ ಬೇಗ ಹೋಗುತ್ತದೆ ಅಂತ ಅವರೇ ಹೇಳಿದರು. ಒಟ್ಟು ಖರ್ಚು 2,300 ರೂಪಾಯಿ.

ಮೊನ್ನೆ ಮಣಿಪಾಲಕ್ಕೆ ಹೋಗಿ ಬಂದೆವು. ಹಗಲೇನೂ ಆಗಲಿಲ್ಲ. ಆದರೆ ಪ್ರತಿ ತಿರುವಿನಲ್ಲೂ ಎಡಗಡೆಯ ಕಟ್ಟೆ, ಅದರಾಚೆಯ ಹುಲ್ಲು, ಒಂದು ಕಡೆ ರಸ್ತೆ ದಾಟಲು ಕೂತಿದ್ದ ಮಂಗನ ಗುಂಪು, ಎಲ್ಲ ಮೊದಲೇ ಕಂಡವು. ಎದುರಿನಿಂದ ಯಾರೂ ಲೈಟ್ ಮಿಣುಕಿಸಲಿಲ್ಲ. ಅಪ್ಪ ಹಿಂದಿನಿಂದ ‘ಇವತ್ತು ನೀನು ಸ್ಟೀರಿಂಗ್ ಮೇಲೆ ಬಗ್ಗಿ ಕೂತಿಲ್ಲ’ ಅಂದರು. ನಾನು ಬಗ್ಗಿ ಕೂರುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ಮೇಲೆ ಆಗುಂಬೆ ಚೆಕ್‌ಪೋಸ್ಟ್ ಹತ್ತಿರ ಮಂಜು ಕವಿದಿತ್ತು. ಅಲ್ಲಿ ಮಾತ್ರ ಮೊದಲಿನ ಹಾಗೇ, ಬಿಳಿ ಗೋಡೆ. ಹಳದಿ ಬಲ್ಬ್ ಹಾಕಿದರೆ ಮಂಜು ಸೀಳುತ್ತದೆ ಅಂತಾರಲ್ಲ, ನಿಜಾನಾ?

ವೈರಿಂಗ್ ಮಾಮ:

2,300ರಲ್ಲಿ ಮುಗಿಸಿದ್ದೀರಿ, ನನ್ನಲ್ಲಿಗೆ ಬಂದಿದ್ದರೂ ಅಷ್ಟೇ ಆಗುತ್ತಿತ್ತು. ವೋಲ್ಟೇಜ್ ಏರಿದ್ದರಿಂದ ಬಲ್ಬಿನ ಆಯಸ್ಸು ಸ್ವಲ್ಪ ಕಡಿಮೆ ಆಗುತ್ತದೆ, ಒಂದು ಜೊತೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿರಿ.

ಮಂಜನ್ನು ಯಾವ ಬಣ್ಣವೂ ಸೀಳುವುದಿಲ್ಲ ಮೇಡಂ. ಮಂಜಿನ ಹನಿ ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಥರ ಚೆದುರಿಸುತ್ತದೆ. ಹಳದಿಯಲ್ಲಿ ನೀಲಿ ಕಡಿಮೆ, ಅದರಿಂದ ಕಣ್ಣಿಗೆ ಹಿತ ಅನ್ನಿಸುವವರಿದ್ದಾರೆ, ಅಷ್ಟೇ. ಅಲ್ಲಿ ಬ್ರೈಟ್ ಹಾಕಲೇಬೇಡಿ. ಡಿಮ್, ಎರಡನೇ ಗೇರು, ಎಡಗಡೆಯ ಗೆರೆ. ಬಂಪರಿನಲ್ಲಿ ಕೆಳಗೆ ಕೂರುವ ಫಾಗ್ ಲ್ಯಾಂಪ್ ಸ್ವಲ್ಪ ಸಹಾಯ ಮಾಡುತ್ತದೆ. ಅದಕ್ಕೆ ಬೇರೆ ಪ್ರಶ್ನೆ ಹಾಕಿ, ಆ ಕಥೆ ಇದಕ್ಕಿಂತ ಉದ್ದ ಇದೆ.